ಚಂದಾ ಕಟ್ಟಿದರೆ ಗ್ರಂಥಾಲಯವಾದೀತೆ?

ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ 2024ರ ನವೆಂಬರ್‌ನಲ್ಲಿ ಸಚಿವ ಸಂಪುಟದ ಒಪ್ಪಿಗೆ ದೊರೆತು, 2025ರ ಜನವರಿ 1ರಿಂದ ಅದು ಜಾರಿಗೆ ಬಂದಿದೆ. ಮೂರು ವರ್ಷಗಳ ಅವಧಿಗೆ 6,000 ಕೋಟಿ ರೂಪಾಯಿ ವೆಚ್ಚದಲ್ಲಿ 30 ಪ್ರಕಾಶನ ಸಂಸ್ಥೆಗಳ ಸುಮಾರು 13,000 ವಿದ್ವತ್ ಪತ್ರಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ಓದುಗರಿಗೆ ಅಂತರ್ಜಾಲದ ಮೂಲಕ ಒದಗಿಸುವುದು ಈ ಯೋಜನೆಯ ಉದ್ದೇಶ. ದೆಹಲಿಯ ಐಐಟಿಯಲ್ಲಿ ಕುಳಿತ ವಿದ್ಯಾರ್ಥಿ ಓದಬಲ್ಲ ಲೇಖನವನ್ನು ರಾಯಚೂರಿನ ವಿದ್ಯಾರ್ಥಿಯೂ ಓದಬಲ್ಲನೆಂದರೆ ಅದು ಸಣ್ಣ ಮಾತಲ್ಲ. ಪ್ರತಿ ವಿಶ್ವವಿದ್ಯಾಲಯವೂ ಬೇರೆ ಬೇರೆಯಾಗಿ ಡಾಲರ್ ಲೆಕ್ಕದಲ್ಲಿ ಚಂದಾ ಕಟ್ಟಿ ಹೈರಾಣಾಗುವುದು ತಪ್ಪುವುದಾದರೆ ಸಂತೋಷಪಡಬೇಕಾದುದೇ.

ಆದರೆ ಈ ಯೋಜನೆಯ ಬೆನ್ನಿಗೇ ನಮ್ಮ ವಿಶ್ವವಿದ್ಯಾಲಯಗಳ ಆವರಣಗಳಲ್ಲಿ ಒಂದು ಮಾತು ಕೇಳಿಬರುತ್ತಿದೆ. ಗ್ರಂಥಾಲಯದ ಸಮಸ್ಯೆ ಬಗೆಹರಿಯಿತು, ಇನ್ನು ಕಟ್ಟಡ, ಕಪಾಟು, ಸಿಬ್ಬಂದಿ ಎಂದು ಹಣ ಸುರಿಯುವ ಅಗತ್ಯವಿಲ್ಲ ಎಂಬುದು ಆ ಮಾತಿನ ಸಾರ. ಮಾನವಿಕ ವಿಷಯಗಳ ಮಟ್ಟಿಗಂತೂ ಇದು ಅಪಾಯಕಾರಿಯಾದ ತಪ್ಪು ತಿಳಿವಳಿಕೆ. ರಸಾಯನ ವಿಜ್ಞಾನಕ್ಕೆ ಪ್ರಯೋಗಶಾಲೆ ಹೇಗೋ ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರಗಳಿಗೆ ಗ್ರಂಥಾಲಯ ಹಾಗೆ ಎಂಬುದು ಬಹು ಹಳೆಯ ಮಾತು. ಹಳೆಯದಾದ ಮಾತ್ರಕ್ಕೆ ಅದರ ಅರ್ಥ ನಮಗೆ ಮನವರಿಕೆಯಾಗಿದೆ ಎನ್ನುವಂತಿಲ್ಲ. ಪತ್ರಿಕೆಗಳಿಗೆ ಚಂದಾ ಕಟ್ಟಿದ್ದೇವೆ, ಇನ್ನು ಗಾಜಿನ ಸಾಮಾನು, ರಾಸಾಯನಿಕಗಳು ಬೇಡ ಎಂದು ಯಾವ ಕುಲಪತಿಯೂ ರಸಾಯನ ವಿಜ್ಞಾನ ವಿಭಾಗಕ್ಕೆ ಹೇಳಲಾರರು. ಗ್ರಂಥಾಲಯದ ವಿಷಯದಲ್ಲಿ ನಾವು ಹೇಳುತ್ತಿರುವುದು ಅದನ್ನೇ.

ಒಂದು ನಿಜವಾದ ಸಂಶೋಧನಾ ವಿಷಯವನ್ನೇ ತೆಗೆದುಕೊಂಡು ನೋಡೋಣ. 1876–78ರ ಮಹಾಕ್ಷಾಮ, ಅಂದರೆ ಧಾತು ಮತ್ತು ಈಶ್ವರ ಸಂವತ್ಸರಗಳ ಬರ. ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಸಹಜವಾಗಿ ಆಗಬೇಕಾಗಿದ್ದ ಏರಿಕೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ನಷ್ಟ ಇನ್ನೂ ದೊಡ್ಡದು. ಇಷ್ಟು ದೊಡ್ಡ ದುರಂತಕ್ಕೆ ನಮ್ಮ ಸಾರ್ವಜನಿಕ ನೆನಪಿನಲ್ಲಿ ಸಿಕ್ಕಿರುವ ಸ್ಥಳ ತೀರ ಅಲ್ಪ. ತುಮಕೂರು ಸೀಮೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಾಲ್ಲೂಕಿನಲ್ಲಿ ಆ ಬರ ಏನು ಮಾಡಿತು, ಯಾರು ಸತ್ತರು, ಯಾರು ಊರು ಬಿಟ್ಟರು, ಬದುಕಿದವರು ಅದನ್ನು ಹೇಗೆ ನೆನೆದರು ಎಂದು ತಿಳಿಯಲು ಹೊರಟಳೆನ್ನಿ. ಚಂದಾ ಕಟ್ಟಿದ ಹದಿಮೂರು ಸಾವಿರ ಪತ್ರಿಕೆಗಳಲ್ಲಿ ಆಕೆಗೆ ವಸಾಹತುಶಾಹಿಯ ಕ್ಷಾಮನೀತಿಯನ್ನು ಕುರಿತ ಒಳ್ಳೆಯ ಲೇಖನಗಳು ಸಿಗುತ್ತವೆ. ಅವು ಬೇಕು. ಅವಿಲ್ಲದೆ ಪ್ರಶ್ನೆಯನ್ನೇ ಸರಿಯಾಗಿ ಕೇಳಲು ಬಾರದು. ಆದರೆ ಉತ್ತರ ಅಲ್ಲಿಲ್ಲ.

ಉತ್ತರದ ಮೊದಲ ತುಣುಕು ಬಿ.ಎಲ್. ರೈಸ್ ಸಿದ್ಧಪಡಿಸಿದ ಗೆಜೆಟಿಯರ್‌ನಲ್ಲಿ ಇದ್ದೀತು. ಆ ಗೆಜೆಟಿಯರ್ 1876–78ರ ನಡುವೆ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಅದರ ಪರಿಷ್ಕೃತ ಆವೃತ್ತಿ ಎರಡು ಸಂಪುಟಗಳಲ್ಲಿ ಬಂದದ್ದು 1897ರಲ್ಲಿ. ಇಸವಿಗಳನ್ನು ಗಮನಿಸಿ. ಮೊದಲ ಆವೃತ್ತಿ ಅಚ್ಚಾಗುತ್ತಿದ್ದ ದಿನಗಳಲ್ಲೇ ಜನ ಹಸಿವಿನಿಂದ ಸಾಯುತ್ತಿದ್ದರು. ಅದರೊಳಗಿನ ಜನಸಂಖ್ಯೆಯ ಅಂಕಿಗಳು 1871ರ ಗಣತಿಯವು, ಬರ ಬರುವುದಕ್ಕೆ ಮುಂಚಿನ ನಾಡಿನವು. ಪರಿಷ್ಕೃತ ಆವೃತ್ತಿಯಲ್ಲಿರುವುದು ಬರ ಕಳೆದು ಇಪ್ಪತ್ತು ವರ್ಷಗಳಾದ ಮೇಲಿನ ನಾಡು. ಒಂದು ತಾಲ್ಲೂಕಿನ ಪುಟವನ್ನು ಎರಡು ಆವೃತ್ತಿಗಳಲ್ಲೂ ತೆರೆದು ಪಕ್ಕಪಕ್ಕದಲ್ಲಿಟ್ಟು ಓದಿದಾಗ ಆ ಎರಡರ ನಡುವಿನ ಅಂತರವೇ ಸಂಶೋಧನೆಯ ಸಾಮಗ್ರಿಯಾಗುತ್ತದೆ. 1927–30ರ ನಡುವೆ ಸಿ. ಹಯವದನ ರಾವ್ ಅವರ ಸಂಪಾದಕತ್ವದಲ್ಲಿ ಹೊಸ ಗೆಜೆಟಿಯರ್ ಬಂತು ನಿಜ. ಅದು ಬಂದಿತೆಂದು ರೈಸ್ ಹಳತಾಗಲಿಲ್ಲ, 1897 ಬಂದಿತೆಂದು 1876 ಹಳತಾಗಲಿಲ್ಲ. ಹೊಸ ಆವೃತ್ತಿ ಬಂದೊಡನೆ ಹಳೆಯದನ್ನು ಕಪಾಟಿನಿಂದ ತೆಗೆಯಬೇಕೆಂಬ ನಿಯಮ ಔಷಧ ವಿಜ್ಞಾನದ ಪಠ್ಯಪುಸ್ತಕಕ್ಕೆ ಸರಿ. ಇತಿಹಾಸದ ಕಪಾಟಿಗೆ ಅದನ್ನು ಅನ್ವಯಿಸಿದರೆ ಸಾಕ್ಷ್ಯವನ್ನು ನಾಶ ಮಾಡಿದಂತಾಗುತ್ತದೆ.

ಗೆಜೆಟಿಯರ್ ಮುಗಿಯಿತೆಂದರೆ ವರ್ಷಕ್ಕೊಂದರಂತೆ ಅಚ್ಚಾಗುತ್ತಿದ್ದ ಸಂಸ್ಥಾನದ ಆಡಳಿತ ವರದಿಗಳು ಬೇಕು. ಮದ್ರಾಸಿನ ಪತ್ರಿಕೋದ್ಯಮಿ ವಿಲಿಯಂ ಡಿಗ್ಬಿ 1878ರಲ್ಲೇ ದಕ್ಷಿಣ ಭಾರತದ ಆ ಬರವನ್ನು ಕುರಿತು ಎರಡು ಸಂಪುಟಗಳನ್ನು ಪ್ರಕಟಿಸಿದ. ಅವು ಬೇಕು. 1880ರ ಕ್ಷಾಮ ಆಯೋಗದ ವರದಿ ಬೇಕು. 1881ರಲ್ಲಿ ಸಂಸ್ಥಾನ ಮತ್ತೆ ಒಡೆಯರ ಕೈಗೆ ಬಂದಾಗ ಖಜಾನೆಯ ಮೇಲೆ ಬರಗಾಲದ ಸಾಲದ ಹೊರೆಯಿತ್ತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಅದೇ ವರ್ಷ, ಆರಂಭವಾದ ಪ್ರಜಾಪ್ರತಿನಿಧಿ ಸಭೆಯ ನಡವಳಿಗಳನ್ನು ನೋಡದೆ ಈ ಕಥೆ ಪೂರ್ತಿಯಾಗದು. ಕೊನೆಗೆ, ಸರ್ಕಾರಿ ಕಾಗದಗಳಲ್ಲಿ ಸತ್ತವರು ಅಂಕಿಗಳಾಗಿಯಷ್ಟೇ ಉಳಿದಿರುವುದರಿಂದ, ಜನಪದ ಗೀತೆಗಳ ಸಂಗ್ರಹಗಳನ್ನೂ ಸ್ಥಳೀಯ ಚರಿತ್ರೆಗಳನ್ನೂ ತಿರುವಿ ಹಾಕಬೇಕು. ಬರದ ನೆನಪು ಅಲ್ಲಿ ಬೇರೆಯೇ ದನಿಯಲ್ಲಿ ಉಳಿದಿರುತ್ತದೆ.

ಈ ಪುಸ್ತಕಗಳೆಲ್ಲ ಒಂದೇ ಕಪಾಟಿನಲ್ಲಿ ಇರುವುದಿಲ್ಲ. ನಮ್ಮ ಹೆಚ್ಚಿನ ಗ್ರಂಥಾಲಯಗಳು ಅನುಸರಿಸುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಬರಗಾಲಕ್ಕೆ 363.8, ಕರ್ನಾಟಕದ ಇತಿಹಾಸಕ್ಕೆ 954.87, ಜಾನಪದಕ್ಕೆ 398, ಕನ್ನಡ ಸಾಹಿತ್ಯಕ್ಕೆ 894.814. ಅಂದರೆ ಬರವನ್ನು ಅರಸಿ ಹೊರಟವಳು ಒಂದು ಮಹಡಿಯಿಂದ ಇನ್ನೊಂದಕ್ಕೆ, ಒಂದು ಸಾಲಿನಿಂದ ಇನ್ನೊಂದಕ್ಕೆ ನಡೆಯಬೇಕು. ಈ ನಡಿಗೆ ವ್ಯರ್ಥ ಶ್ರಮವಲ್ಲ. 954.87ರ ಸಾಲಿನಲ್ಲಿ ತನಗೆ ಬೇಕಾದ ಪುಸ್ತಕದ ಎಡಕ್ಕೂ ಬಲಕ್ಕೂ ಇರುವ, ಹೆಸರನ್ನೇ ಕೇಳಿರದ ಪುಸ್ತಕಗಳನ್ನು ಎಳೆದು ಪರಿವಿಡಿ ನೋಡುವುದು ಸಂಶೋಧನೆಯ ಅರ್ಧ ಭಾಗ. ಅರಸುವ ಬಳ್ಳಿ ಕಾಲಿಗೆ ತೊಡರುವುದು ನಡೆಯುವವರಿಗೆ ಮಾತ್ರ. ಕಂಪ್ಯೂಟರಿನ ಶೋಧಪಟ್ಟಿಗೆ ನಾವು ಕೊಡುವುದು ನಮಗೆ ಮೊದಲೇ ಗೊತ್ತಿರುವ ಪದವನ್ನು. ಗೊತ್ತಿಲ್ಲದ್ದನ್ನು ಅದರಲ್ಲಿ ಕೇಳುವುದು ಹೇಗೆ?

ಆದರೆ ನಮ್ಮಲ್ಲಿ ಹಳೆಯ ಪುಸ್ತಕಗಳ ವಿಭಾಗಕ್ಕೆ ಓದುಗರನ್ನು ಬಿಡದಿರುವುದೇ ರೂಢಿ. ಚೀಟಿ ಬರೆದು ಕೊಡಿ, ತಂದುಕೊಡುತ್ತೇವೆ ಎನ್ನುತ್ತಾರೆ. ಚೀಟಿಯಲ್ಲಿ ಬರೆಯಲು ಪುಸ್ತಕದ ಹೆಸರು, ಕರೆ ಸಂಖ್ಯೆ ತಿಳಿದಿರಬೇಕು. ಅದು ತಿಳಿಯಲೆಂದೇ ತಾನೆ ಆಕೆ ಬಂದಿರುವುದು? ಹಾಗೆಂದು ಸಿಬ್ಬಂದಿಯನ್ನಷ್ಟೇ ದೂರಿ ಪ್ರಯೋಜನವಿಲ್ಲ. ಬ್ಲೇಡಿನಿಂದ ನಾಜೂಕಾಗಿ ಪುಟ ಕತ್ತರಿಸಿ ಒಯ್ಯುವ ವಿದ್ವಾಂಸರು, ಒಂದು ವಿಭಾಗದ ಪುಸ್ತಕವನ್ನು ಇನ್ನೊಂದು ವಿಭಾಗದ ಕಪಾಟಿನ ಹಿಂದೆ ಬಚ್ಚಿಟ್ಟು ತಮ್ಮದಾಗಿಸಿಕೊಳ್ಳುವ ಜಾಣರು, ಎರವಲು ಪಡೆದದ್ದನ್ನು ನಿವೃತ್ತಿಯ ದಿನ ನೆನಪಿಸಿಕೊಳ್ಳುವ ಪ್ರಾಧ್ಯಾಪಕರು ನಮ್ಮ ನಡುವೆಯೇ ಇದ್ದಾರೆ. ಬಾಗಿಲು ಮುಚ್ಚಿದ್ದರಲ್ಲಿ ಅವರ ಪಾಲೂ ಇದೆ. ಕಾವಲು, ಕ್ಯಾಮೆರಾ, ಚೀಲ ತಪಾಸಣೆ ಇವೆಲ್ಲ ಇಂದು ದುಬಾರಿಯಲ್ಲ. ಕಳ್ಳರಿಗೆ ಹೆದರಿ ಓದುಗರನ್ನೆಲ್ಲ ಹೊರಗಿಡುವ ಪದ್ಧತಿಯನ್ನು ಕೈಬಿಡಲು ಇನ್ನೂ ಏನು ಅಡ್ಡಿ?

ಪುಸ್ತಕವಿರುವುದು ಬಳಕೆಗೆ ಎಂಬ ವಿಚಾರವನ್ನು ಗ್ರಂಥಾಲಯ ಶಾಸ್ತ್ರದ ಮೊದಲ ಸೂತ್ರವಾಗಿಸಿದ ಎಸ್.ಆರ್. ರಂಗನಾಥನ್ ಬಾಳಿನ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅವರು ಕಟ್ಟಿದ ಪ್ರಲೇಖನ ಸಂಶೋಧನಾ ಮತ್ತು ತರಬೇತಿ ಕೇಂದ್ರ ಇಂದಿಗೂ ಇಲ್ಲೇ ಇದೆ. ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದಾಗ ಓದುಗ ನೇರವಾಗಿ ಕಪಾಟಿನ ಬಳಿ ಹೋಗುವಂತಿರಬೇಕೆಂದು ವಾದಿಸಿದವರು ಅವರು. ಅವರ ಹೆಸರನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆಗಳಲ್ಲಿ ಕೇಳುತ್ತೇವೆ.

ಕ್ಯಾಟಲಾಗಿನ ಕಡೆಗೆ ತಿರುಗೋಣ. ಕಾರ್ಡುಗಳಿದ್ದ ಕಾಲದಲ್ಲಿ ಕನ್ನಡ ಪುಸ್ತಕದ ಕಾರ್ಡು ಕನ್ನಡದಲ್ಲಿರುತ್ತಿತ್ತು. ಕೈಬರಹವಿದ್ದರೂ ಅಕ್ಷರ ಸ್ಪಷ್ಟ. ಗಣಕೀಕರಣದ ಭರಾಟೆಯಲ್ಲಿ ಅನೇಕ ಕಡೆ ಆ ಶೀರ್ಷಿಕೆಗಳನ್ನೆಲ್ಲ ರೋಮನ್ ಲಿಪಿಗೆ ಇಳಿಸಲಾಯಿತು, ಅದೂ ದೀರ್ಘ, ಮಹಾಪ್ರಾಣ, ಳಕಾರಗಳ ಗುರುತುಗಳಿಲ್ಲದೆ. ‘ಕಲೆ’ಯೂ ‘ಕಳೆ’ಯೂ ಒಂದಾದವು. ‘ಬರ’ವೂ ‘ಬಾರ’ವೂ ಒಂದಾದವು. ದತ್ತಾಂಶ ತುಂಬಿದವರು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಅಕ್ಷರ ಜೋಡಿಸಿದ್ದರಿಂದ, ಒಂದೇ ಪುಸ್ತಕವನ್ನು ಮೂರು ಕಾಗುಣಿತಗಳಲ್ಲಿ ಹುಡುಕಿ, ಮೂರರಲ್ಲೂ ಸಿಗದೆ, ಇಲ್ಲವೆಂದು ಮರಳಿದವರೆಷ್ಟೋ. ಪುಸ್ತಕ ಕಪಾಟಿನಲ್ಲೇ ಇರುತ್ತದೆ. ಲೇಖಕರ ಹೆಸರುಗಳ ಗೊಂದಲ ಇನ್ನೂ ದೊಡ್ಡದು. ಮಾಸ್ತಿಯವರು ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಬರೆದರು, ಬೇಂದ್ರೆಯವರು ‘ಅಂಬಿಕಾತನಯದತ್ತ’ರಾದರು, ಕುವೆಂಪು ಅವರು ಕೆ.ವಿ. ಪುಟ್ಟಪ್ಪನವರೂ ಹೌದು. ಈ ಹೆಸರುಗಳು ಒಬ್ಬರವೇ ಎಂದು ಕ್ಯಾಟಲಾಗಿಗೆ ಹೇಳಿಕೊಡದಿದ್ದರೆ ಅದಕ್ಕೆ ತಿಳಿಯುವುದಿಲ್ಲ. ಪ್ರಸಿದ್ಧರ ವಿಷಯವಾದರೆ ಓದುಗರಿಗೇ ಗೊತ್ತಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಮರೆತುಹೋದ ಲೇಖಕನೊಬ್ಬನ ವಿಷಯದಲ್ಲಿ ಅದನ್ನು ಬಲ್ಲವರು ಯಾರು? ತಂತ್ರಜ್ಞಾನದ ಕೊರತೆ ಇದಕ್ಕೆ ಕಾರಣವಲ್ಲ. ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಸೋಲ್’ ತಂತ್ರಾಂಶವಾಗಲಿ, ಮುಕ್ತ ತಂತ್ರಾಂಶವಾದ ‘ಕೋಹಾ’ ಆಗಲಿ, ಯೂನಿಕೋಡ್ ಕನ್ನಡವನ್ನು ಒಪ್ಪಿಕೊಳ್ಳುತ್ತವೆ. ಕೊರತೆ ಇರುವುದು ಕನ್ನಡ ಪುಸ್ತಕವನ್ನು ಓದಿ, ಅದೇನೆಂದು ಅರಿತು, ಸರಿಯಾಗಿ ದಾಖಲಿಸಬಲ್ಲ ಜನರದ್ದು.

ಇಲ್ಲಿ ನಾವು ಗ್ರಂಥಪಾಲಕರ ಪ್ರಶ್ನೆಗೆ ಬರುತ್ತೇವೆ. ಮೈಸೂರಿನ ಓರಿಯೆಂಟಲ್ ಲೈಬ್ರರಿ 1891ರಲ್ಲಿ ಆರಂಭವಾದದ್ದು, ಇಂದು ಅದು ಮೈಸೂರು ವಿಶ್ವವಿದ್ಯಾಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯ. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ತಾಳೆಗರಿ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿದೆ ಎಂದು 1905ರಲ್ಲಿ ಗುರುತಿಸಿದ ಆರ್. ಶಾಮಶಾಸ್ತ್ರಿಗಳು ಅಲ್ಲಿನ ಗ್ರಂಥಪಾಲಕರು. 1909ರಲ್ಲಿ ಮೂಲವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಪ್ರಕಟವಾಗಿ, ಪ್ರಾಚೀನ ಭಾರತದ ರಾಜ್ಯಶಾಸ್ತ್ರದ ಬಗ್ಗೆ ಜಗತ್ತಿಗಿದ್ದ ಕಲ್ಪನೆ ಬದಲಾಯಿತು. ಈ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅದರಲ್ಲಿ ಗಮನಿಸಬೇಕಾದ ಅಂಶ ಬೇರೆಯೇ ಇದೆ. ಯಾರೂ ಕೇಳದಿದ್ದ ಕಟ್ಟೊಂದನ್ನು ಒಂದು ಸಂಸ್ಥೆ ಸ್ವೀಕರಿಸಿ ಇಟ್ಟುಕೊಂಡಿತು. ಅದನ್ನು ಬಿಚ್ಚಿ ಓದಬಲ್ಲ ಪಾಂಡಿತ್ಯವಿದ್ದ ವ್ಯಕ್ತಿಗೆ ಗ್ರಂಥಪಾಲಕನ ಸಂಬಳ ಕೊಟ್ಟಿತು. ಇವೆರಡರಲ್ಲಿ ಒಂದು ತಪ್ಪಿದ್ದರೂ ಆ ಗರಿಗಳು ಹುಳುವಿನ ಪಾಲಾಗುತ್ತಿದ್ದವು.

ಅಷ್ಟು ಹಿಂದಕ್ಕೆ ಹೋಗಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದ ಕನ್ನಡವನ್ನು ನಾವು ಇಂದು ನೋಡುವ ಬಗೆಯನ್ನೇ ರೂಪಿಸಿದ ‘ಹೊಸಗನ್ನಡದ ಅರುಣೋದಯ’ (1974) ಬರೆದ ಶ್ರೀನಿವಾಸ ಹಾವನೂರರು ವೃತ್ತಿಯಿಂದ ಗ್ರಂಥಪಾಲಕರು. ಅವರು ಕೆಲಸ ಮಾಡುತ್ತಿದ್ದುದು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಭೌತ ವಿಜ್ಞಾನಿಗಳ ನಡುವೆ. ಹಳೆಯ ಅಚ್ಚಿನ ಪುಸ್ತಕ ಎಲ್ಲೆಲ್ಲಿದೆ, ಯಾವ ಪತ್ರಿಕೆಯ ಯಾವ ಸಂಚಿಕೆ ಯಾರ ಬಳಿ ಉಳಿದಿದೆ ಎಂದು ಪತ್ತೆ ಹಚ್ಚುವುದು ಅವರಿಗೆ ಸಾಧ್ಯವಾದದ್ದು ಕನ್ನಡದ ಪ್ರೀತಿಯ ಜೊತೆಗೆ ಗ್ರಂಥಾಲಯ ವೃತ್ತಿಯ ಶಿಸ್ತೂ ಇದ್ದುದರಿಂದ. ಇಂದು ವಿಶ್ವವಿದ್ಯಾಲಯ ಗ್ರಂಥಾಲಯದ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿರುತ್ತವೆ, ಇಲ್ಲವೇ ಹೊರಗುತ್ತಿಗೆಯ ನೌಕರರಿಂದ ತುಂಬಿರುತ್ತವೆ. ಮುಂದಿನ ಮಾರ್ಚ್‌ಗೆ ಕೆಲಸವಿರುವುದೋ ಇಲ್ಲವೋ ತಿಳಿಯದ ಯುವಕನೊಬ್ಬ ಸಂಗ್ರಹವನ್ನು ಅರಿಯಲು ಹತ್ತು ವರ್ಷ ವ್ಯಯಿಸಲಿ ಎಂದು ನಿರೀಕ್ಷಿಸುವುದು ನ್ಯಾಯವೇ? ಮಾನವಿಕ ಸಂಶೋಧಕನಿಗೆ ಒಂದು ಗ್ರಂಥಾಲಯದ ಅತ್ಯಂತ ಬೆಲೆಬಾಳುವ ವಸ್ತು ಅಲ್ಲಿ ಇಪ್ಪತ್ತೈದು ವರ್ಷ ದುಡಿದ ಒಬ್ಬ ಸಿಬ್ಬಂದಿಯ ನೆನಪು. ಆತ ನಿವೃತ್ತನಾದ ದಿನ ಹಾರ, ಶಾಲು ಕೊಟ್ಟು ಕಳುಹಿಸುತ್ತೇವೆ. ಆ ನೆನಪನ್ನು ಯಾರಿಗೂ ಹಸ್ತಾಂತರಿಸಿರುವುದಿಲ್ಲ.

ಇನ್ನು ಹೊರಹಾಕುವ ಪುಸ್ತಕಗಳ ಮಾತು. ಸ್ಥಳದ ಅಭಾವ ನಿಜ. ಯಾವ ಗ್ರಂಥಾಲಯವೂ ಎಲ್ಲವನ್ನೂ ಇಟ್ಟುಕೊಳ್ಳಲಾರದು. ಒಂದೇ ಪಠ್ಯಪುಸ್ತಕದ ನಲವತ್ತು ಪ್ರತಿಗಳಲ್ಲಿ ಮೂವತ್ತೈದನ್ನು ಕಳಿಸಿದರೆ ಯಾರಿಗೂ ನಷ್ಟವಿಲ್ಲ. ಆದರೆ ಹಲವು ವರ್ಷಗಳಿಂದ ಯಾರೂ ಎರವಲು ಪಡೆದಿಲ್ಲ ಎಂಬುದೇ ಹೊರಹಾಕಲು ಆಧಾರವಾದಾಗ ಮೊದಲು ಬೀಳುವುದು ಮಾನವಿಕ ವಿಷಯಗಳ ಪುಸ್ತಕಗಳೇ, ಅದರಲ್ಲೂ ಹಳೆಯ ಕನ್ನಡ ಪತ್ರಿಕೆಗಳ ಬೈಂಡು ಸಂಪುಟಗಳೇ. ಹೆಸರು ಹೇಳಬೇಕಾಗಿಲ್ಲದ ಒಂದು ಗ್ರಂಥಾಲಯದ ಮೆಟ್ಟಿಲ ಕೆಳಗೆ, ಹಗ್ಗ ಕಟ್ಟಿ ಪೇರಿಸಿದ್ದ ಅಂಥ ಸಂಪುಟಗಳನ್ನು ನಾನು ನೋಡಿದ್ದೇನೆ. ಮೇಲಿನ ಕಟ್ಟಿನಲ್ಲಿದ್ದುದು 1930ರ ದಶಕದ ಮಾಸಪತ್ರಿಕೆ. ವಿಚಾರಿಸಿದಾಗ, ಅದನ್ನು ಕೇಳುವವರೇ ಇಲ್ಲ ಎಂದರು. ಕ್ಯಾಟಲಾಗಿನಲ್ಲಿಲ್ಲದ, ಬೀಗ ಹಾಕಿದ ಕೋಣೆಯಲ್ಲಿದ್ದ ಪತ್ರಿಕೆಯನ್ನು ಕೇಳುವವರು ಎಲ್ಲಿಂದ ಬರಬೇಕು?

ಅದೇ ಪ್ರತಿ ಬೇರೆಡೆ ಇದ್ದೇ ಇರುತ್ತದಲ್ಲ ಎಂಬ ಸಮಾಧಾನವೂ ನಮಗಿಲ್ಲ. 1954ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರಕಾಶಕರು ಪುಸ್ತಕಗಳನ್ನು ಒಪ್ಪಿಸಬೇಕಾದ ಗ್ರಂಥಾಲಯಗಳು ಇರುವುದು ಕೋಲ್ಕತ್ತ, ಚೆನ್ನೈ, ಮುಂಬೈ ಮತ್ತು ದೆಹಲಿಗಳಲ್ಲಿ. ಕರ್ನಾಟಕದಲ್ಲಿ ಒಂದೂ ಇಲ್ಲ. ಇದಕ್ಕೆ ಪ್ರತಿಯಾಗಿ ಇನ್ನೊಂದು ಸಂಗತಿ ನೋಡಿ. 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ‘ಪಿ.ಎಲ್. 480’ ಗೋಧಿಯ ಬಾಬತ್ತಿನಲ್ಲಿ ಭಾರತದಲ್ಲಿ ಜಮೆಯಾಗಿದ್ದ ರೂಪಾಯಿಗಳಿಂದ ಇಲ್ಲಿನ ಭಾಷೆಗಳ ಪುಸ್ತಕಗಳನ್ನು ಕೊಂಡು ಆ ದೇಶದ ವಿಶ್ವವಿದ್ಯಾಲಯಗಳಿಗೆ ಹಂಚತೊಡಗಿತು. ಅವುಗಳಲ್ಲಿ ಕನ್ನಡದವೂ ಇದ್ದವು. ಹೀಗಾಗಿ ಅರವತ್ತು, ಎಪ್ಪತ್ತರ ದಶಕಗಳ ಕನ್ನಡ ಪುಸ್ತಕಗಳನ್ನು ಹುಡುಕುವವರು ಷಿಕಾಗೊದಂಥ ವಿಶ್ವವಿದ್ಯಾಲಯಗಳ ಕ್ಯಾಟಲಾಗನ್ನು ನೋಡುವುದು ಇಂದು ವಿಚಿತ್ರವೆನಿಸುವುದಿಲ್ಲ. ನಾವು ಅವರ ಗೋಧಿ ತಿಂದೆವು, ಅವರು ನಮ್ಮ ಪುಸ್ತಕಗಳನ್ನು ಕಾಪಾಡಿದರು.

ಎಲ್ಲವೂ ಅಂತರ್ಜಾಲದಲ್ಲಿದೆಯಲ್ಲ ಎಂಬ ಆಕ್ಷೇಪ ಬರುವುದು ಖಂಡಿತ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಭಾರತ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಸ್ಕ್ಯಾನ್ ಆದ ಸಾವಿರಾರು ಕನ್ನಡ ಪುಸ್ತಕಗಳಿಂದ ಹಳ್ಳಿಯಲ್ಲಿ ಕುಳಿತು ಸಂಶೋಧನೆ ಮಾಡುವವರಿಗೆ ಆಗಿರುವ ಉಪಕಾರ ಅಪಾರ. ಆದರೆ ಆ ಯೋಜನೆಯ ಮೂಲ ತಾಣ ಈಗ ಇಲ್ಲ. ಅದರ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದಿರುವುದು ಸ್ವಯಂಪ್ರೇರಿತರಾದ ಕೆಲವರ ದೂರದೃಷ್ಟಿಯಿಂದ. ಆ ಪ್ರತಿಗಳಲ್ಲಿ ಪುಟ ಬಿಟ್ಟುಹೋದವು, ಅಂಚು ಕತ್ತರಿಸಿದವು, ತಪ್ಪು ಶೀರ್ಷಿಕೆ ಹೊತ್ತವು ಬೇಕಾದಷ್ಟಿವೆ. ಬಿಟ್ಟುಹೋದ ಪುಟ ಬೇಕಾದಾಗ ಮತ್ತೆ ಮೂಲ ಪ್ರತಿಯಿರುವ ಕಪಾಟಿಗೇ ಹೋಗಬೇಕು. 2009ರ ಯುಜಿಸಿ ನಿಯಮಾವಳಿಯ ಬಲದಿಂದ ಬೆಳೆದ ‘ಶೋಧಗಂಗಾ’ದಲ್ಲಿ ಪಿಎಚ್.ಡಿ ಪ್ರಬಂಧಗಳು ಮುಕ್ತವಾಗಿ ದೊರೆಯುತ್ತವೆ, ಇದೂ ದೊಡ್ಡ ಕೆಲಸ. ಆದರೆ ಕನ್ನಡದ ಎಷ್ಟೋ ಪ್ರಬಂಧಗಳು ನುಡಿ, ಬರಹಗಳ ಹಳೆಯ ಅಕ್ಷರಸಂಕೇತದಲ್ಲಿ ಬೆರಳಚ್ಚಾದವು. ಕಣ್ಣಿಗೆ ಕನ್ನಡವಾಗಿ ಕಾಣುವ ಆ ಪುಟ ಗಣಕಕ್ಕೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ‘ಕ್ಷಾಮ’ ಎಂದು ಹುಡುಕಿದರೆ, ಕ್ಷಾಮದ ಬಗ್ಗೆಯೇ ಬರೆದ ಪ್ರಬಂಧ ಸಿಗದಿರಬಹುದು.

ಅಂತರ್ಜಾಲಕ್ಕೆ ಮೊದಲು ಹೋಗಬೇಕಾದವು ಕೂಡ ಹೋಗಿಲ್ಲ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಆರಂಭವಾಗಿ ಮುಂದೆ ಮೈಸೂರು ವಿಶ್ವವಿದ್ಯಾಲಯದ ಆಶ್ರಯ ಪಡೆದ ‘ಪ್ರಬುದ್ಧ ಕರ್ನಾಟಕ’, ಅದೇ ವಿಶ್ವವಿದ್ಯಾಲಯದ ‘ಮಾನವಿಕ ಕರ್ನಾಟಕ’, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ‘ಕರ್ನಾಟಕ ಭಾರತಿ’, ಬೆಂಗಳೂರು ವಿಶ್ವವಿದ್ಯಾಲಯದ ‘ಸಾಧನೆ’ ಇವು ಕನ್ನಡದಲ್ಲಿ ಮಾನವಿಕ ಚಿಂತನೆ ಬೆಳೆದುಬಂದ ಬಗೆಯ ದಾಖಲೆಗಳು. ಚಂದಾ ಯೋಜನೆಯ ಮೂವತ್ತು ಪ್ರಕಾಶಕರಲ್ಲಿ ಯಾರೂ ಇವನ್ನು ಒದಗಿಸಲಾರರು. ಇವುಗಳ ಒಡೆತನ ನಮ್ಮ ವಿಶ್ವವಿದ್ಯಾಲಯಗಳದ್ದೇ. ಮೊದಲ ಸಂಚಿಕೆಯಿಂದ ಇಂದಿನವರೆಗೆ, ಲೇಖಕ ಸೂಚಿ ಮತ್ತು ವಿಷಯ ಸೂಚಿಗಳ ಸಹಿತ, ಒಂದೇ ಕಡೆ ಓದಲು ಸಿಗುವಂತೆ ಮಾಡಲು ಯಾವ ವಿದೇಶಿ ಸಂಸ್ಥೆಯ ಅನುಮತಿಯೂ ಬೇಕಿಲ್ಲ.

ಮೌಲ್ಯಮಾಪನದ ಪದ್ಧತಿಯೂ ಈ ಅವಸ್ಥೆಗೆ ಕೊಡುಗೆ ನೀಡಿದೆ. ನ್ಯಾಕ್ ತಂಡ ಬರುವಾಗ ಇ-ಸಂಪನ್ಮೂಲಗಳಿಗೆ ಚಂದಾ ಇದೆಯೇ, ವರ್ಷಕ್ಕೆ ಖರ್ಚು ಎಷ್ಟು, ದಿನಕ್ಕೆ ಎಷ್ಟು ಜನ ಬಳಸುತ್ತಾರೆ ಎಂಬ ಲೆಕ್ಕಗಳು ಸಿದ್ಧವಾಗುತ್ತವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಸ್ವಂತ ಪುಸ್ತಕ ಹಿಡಿದು ಬರುವ ನೂರು ಮಂದಿಯೂ ‘ಬಳಕೆದಾರರು’. ಅವರಿಗೆ ಕುಳಿತುಕೊಳ್ಳಲು ಜಾಗ ಕೊಡುವುದು ಒಳ್ಳೆಯದೇ, ಬಡ ಮಕ್ಕಳಿಗೆ ಮನೆಯಲ್ಲಿ ಅಷ್ಟು ಜಾಗವಿರುವುದಿಲ್ಲ. ಆದರೆ 1876ರ ಗೆಜೆಟಿಯರನ್ನು ವರ್ಷಕ್ಕೊಮ್ಮೆ ತೆರೆಯುವ ಒಬ್ಬಳ ಬಳಕೆ ಈ ಲೆಕ್ಕದಲ್ಲಿ ಬರುವುದಿಲ್ಲ. 2023ರಲ್ಲಿ ಏಳು ಜಿಲ್ಲೆಗಳಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಆರಂಭಿಸಿದಾಗಲೂ ಈ ಪ್ರಶ್ನೆಯನ್ನು ಯಾರೂ ಗಂಭೀರವಾಗಿ ಕೇಳಲಿಲ್ಲ. ಕಟ್ಟಡವನ್ನು ಎರಡು ವರ್ಷಗಳಲ್ಲಿ ಕಟ್ಟಬಹುದು. ನೂರು ವರ್ಷಗಳ ಸಂಗ್ರಹವನ್ನು ಟೆಂಡರ್ ಕರೆದು ತರಿಸಲು ಆಗದು. ಹೊಸ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದ ವಿದ್ಯಾರ್ಥಿ ಹಳೆಯ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೇ ಬರಬೇಕು.

ಬಂದರೆ ಬಾಗಿಲಲ್ಲಿ ಏನು ಕಾದಿರುತ್ತದೆ? ನಮ್ಮ ವಿದ್ಯಾರ್ಥಿಯಲ್ಲ ಎಂಬ ಉತ್ತರ, ವಿಭಾಗ ಮುಖ್ಯಸ್ಥರ ಪತ್ರ, ಕುಲಸಚಿವರ ಅನುಮತಿ, ಅವರು ಸಭೆಯಲ್ಲಿದ್ದಾರೆ ಎಂಬ ಮಾಹಿತಿ. ಪದವಿ ಕಾಲೇಜಿನ ಅಧ್ಯಾಪಕರು, ಶಾಲಾ ಶಿಕ್ಷಕರು, ನಿವೃತ್ತರು, ವಕೀಲರು ಕನ್ನಡ ಸಂಶೋಧನೆಯ ಬಹುಪಾಲು ಕೆಲಸವನ್ನು ವಿಶ್ವವಿದ್ಯಾಲಯಗಳ ಹೊರಗಿದ್ದೇ ಮಾಡಿದ್ದಾರೆ. ಸ್ಥಳೀಯ ಇತಿಹಾಸ, ಶಾಸನ, ಹಸ್ತಪ್ರತಿಗಳ ಕ್ಷೇತ್ರದಲ್ಲಂತೂ ಈ ಹವ್ಯಾಸಿಗಳಿಲ್ಲದಿದ್ದರೆ ನಮ್ಮ ತಿಳಿವಳಿಕೆ ಬಡವಾಗುತ್ತಿತ್ತು. ಶಾಸನಗಳ ಮಾತು ಬಂದುದರಿಂದ ಹೇಳುತ್ತೇನೆ: ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಕೊಡಗಿನ ಸಂಪುಟ ರೈಸ್ ಅವರಿಂದ ಬಂದದ್ದು 1886ರಲ್ಲಿ, ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳು ಆರಂಭವಾದದ್ದು 1972ರಲ್ಲಿ. ಪರಿಷ್ಕರಣದಲ್ಲಿ ಶಾಸನಗಳ ಸಂಖ್ಯೆಗಳು ಬದಲಾಗಿವೆ. ಹಳೆಯ ವಿದ್ವಾಂಸರ ಅಡಿಟಿಪ್ಪಣಿಗಳೆಲ್ಲ ರೈಸ್ ಕೊಟ್ಟ ಸಂಖ್ಯೆಗಳಲ್ಲಿವೆ. ಎರಡನ್ನೂ ಎದುರಿಗಿಟ್ಟುಕೊಳ್ಳದೆ ಒಂದು ಹೆಜ್ಜೆ ಇಡಲಾಗದು. ಎರಡೂ ಪೂರ್ತಿಯಾಗಿ ಇರುವ ಕಡೆಗಳು ಬೆರಳೆಣಿಕೆಯವು. ಊರ ಹೊರಗಿನ ವೀರಗಲ್ಲನ್ನು ಓದಿ ಬಂದ ಶಾಲಾ ಮಾಸ್ತರರಿಗೆ ಅಲ್ಲಿ ಪ್ರವೇಶವಿಲ್ಲವೆಂದರೆ ಆ ಸಂಪುಟಗಳು ಯಾರಿಗಾಗಿ?

ಸರ್ಕಾರದ ಹಣದಲ್ಲಿ ನಡೆಯುವ ಪ್ರತಿ ವಿಶ್ವವಿದ್ಯಾಲಯ ಗ್ರಂಥಾಲಯವೂ, ಗುರುತಿನ ಚೀಟಿ ತೋರಿಸಿದ ಯಾವುದೇ ನಾಗರಿಕನಿಗೆ ಅಲ್ಪ ಶುಲ್ಕದಲ್ಲಿ ಒಂದು ದಿನದ ಓದುಚೀಟಿ ಕೊಡಬೇಕೆಂಬ ಆದೇಶಕ್ಕೆ ಖರ್ಚು ಏನೂ ಇಲ್ಲ. ರಾಜ್ಯದ ಬೇರಾವ ವಿಶ್ವವಿದ್ಯಾಲಯದಲ್ಲೂ ಪ್ರತಿಯಿಲ್ಲದ ಪುಸ್ತಕವನ್ನು ಯಾರೂ ಹೊರಹಾಕಕೂಡದೆಂಬ ನಿಯಮಕ್ಕೂ ಅಷ್ಟೇ. ಆದರೆ ಆ ನಿಯಮ ಜಾರಿಯಾಗಬೇಕಾದರೆ ಎಲ್ಲ ವಿಶ್ವವಿದ್ಯಾಲಯಗಳ ಕನ್ನಡ ಸಂಗ್ರಹಕ್ಕೂ ಸೇರಿ ಕನ್ನಡ ಲಿಪಿಯಲ್ಲೇ ಒಂದು ಸಂಯುಕ್ತ ಸೂಚಿ ಬೇಕು. ಅದಕ್ಕೆ ಹಣವೂ ಬೇಕು, ಜನವೂ ಬೇಕು. ಕನ್ನಡ, ಇತಿಹಾಸಗಳಲ್ಲಿ ಸ್ನಾತಕೋತ್ತರ ಪದವಿ ಪಡೆದು ಕೆಲಸವಿಲ್ಲದೆ ಕುಳಿತವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಅವರಲ್ಲಿ ಕೆಲವರಿಗೆ ಗ್ರಂಥಾಲಯ ವಿಜ್ಞಾನದ ತರಬೇತಿ ಕೊಟ್ಟು ಕಾಯಂ ಆಗಿ ನೇಮಿಸಿಕೊಂಡರೆ, ಸೂಚಿಯೂ ಆಗುತ್ತದೆ, ಕೇಳಿದ್ದಕ್ಕೆ ಉತ್ತರ ಹೇಳುವವರೂ ಸಿಗುತ್ತಾರೆ.

ಚಂದಾ ಯೋಜನೆಗೆ ಮಂಜೂರಾದ ಹಣ 2027ರ ವರೆಗಿನದು. ರಾಜ್ಯದ ವಿಶ್ವವಿದ್ಯಾಲಯಗಳು ತಾವೇ ಕಟ್ಟುತ್ತಿದ್ದ ವಿದೇಶಿ ಪತ್ರಿಕೆಗಳ ಚಂದಾದಲ್ಲಿ ಈ ಯೋಜನೆಯಿಂದ ಉಳಿತಾಯವಾಗುವುದಾದರೆ ಆ ಮೊತ್ತ ಗ್ರಂಥಾಲಯದ ಲೆಕ್ಕಶೀರ್ಷಿಕೆಯಲ್ಲೇ ಉಳಿಯಬೇಕು. ಅದು ಬೇರೆ ಬಾಬ್ತಿಗೆ ಹೋಗಿದೆಯೇ ಎಂಬುದನ್ನು ವಿದ್ಯಾವಿಷಯಕ ಪರಿಷತ್ತಿನ ಮುಂದಿನ ಸಭೆಯಲ್ಲಿ ಕೇಳುವ ಹಕ್ಕು ಮಾನವಿಕ ವಿಭಾಗಗಳ ಪ್ರಾಧ್ಯಾಪಕರಿಗಿದೆ.